ಹುಸೇನ್ ಸಾಗರದ ಬುದ್ಧ ಮತ್ತು ನೋಡುವವನ ಋಣ

ಪ್ರತಿಷ್ಠೆಯಾಗದ ವಿಗ್ರಹವನ್ನು ಕಂಡವನು ದೇವರನ್ನು ಕಂಡನೇ, ಬರಿಯ ಕಲ್ಲನ್ನು ಕಂಡನೇ ಎಂಬ ಹಳೆಯ ಪ್ರಶ್ನೆಗೆ ಹೈದರಾಬಾದಿನಲ್ಲಿ ಅಪರೂಪದ ಉದಾಹರಣೆಯೊಂದು ದೊರೆಯುತ್ತದೆ. 16ನೆಯ ಶತಮಾನದಲ್ಲಿ ಇಬ್ರಾಹಿಂ ಕುಲಿ ಕುತುಬ್ ಶಾಹನ ಆಳ್ವಿಕೆಯಲ್ಲಿ ಕಟ್ಟಿದ ಹುಸೇನ್ ಸಾಗರದ ನಡುವೆ, ಜಿಬ್ರಾಲ್ಟರ್ ರಾಕ್ ಎಂಬ ಹೆಸರಿನ ಬಂಡೆಯ ಮೇಲೆ, ಸುಮಾರು 18 ಮೀಟರ್ ಎತ್ತರದ ಏಕಶಿಲಾ ಬುದ್ಧ 1992ರಿಂದ ನಿಂತಿದ್ದಾನೆ. ಅದಕ್ಕೆ ದಲೈ ಲಾಮಾ ಅವರಿಂದ ಪ್ರತಿಷ್ಠಾವಿಧಿ ನಡೆದದ್ದು 2006ರಲ್ಲಿ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಟಿಕೆಟ್ ಕೊಂಡು, ಲುಂಬಿನಿ ಪಾರ್ಕಿನಿಂದ ಬೋಟು ಹತ್ತಿ, ಬುದ್ಧನ ಸುತ್ತ ಒಂದು ಸುತ್ತು ಹಾಕಿ, ಸಂಜೆ ನೆಕ್ಲೆಸ್ ರಸ್ತೆಯಲ್ಲಿ ತಿಂಡಿ ತಿಂದು ಮರಳಿದ ಪ್ರವಾಸಿಗರು ಯಾರನ್ನು ನೋಡಿ ಬಂದರು ಎಂಬುದು ಕುಚೋದ್ಯದ ಪ್ರಶ್ನೆಯಲ್ಲ.

ಈ ವಿಗ್ರಹದ ಹುಟ್ಟಿನಲ್ಲಿಯೇ ಎರಡು ಉದ್ದೇಶಗಳು ಹೆಣೆದುಕೊಂಡಿವೆ. ಅಮೆರಿಕದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಕಂಡ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರಿಗೆ ಬೇಕಾಗಿದ್ದುದು ತಮ್ಮ ರಾಜಧಾನಿಗೊಂದು ಗುರುತು. ಕಡೆದವರಾದರೋ ದೇವಾಲಯ ಶಿಲ್ಪದ ಪರಂಪರೆಗೆ ಸೇರಿದ ಗಣಪತಿ ಸ್ಥಪತಿ. ಹೀಗೆ ಆಲೋಚನೆಯಲ್ಲಿ ಸ್ಮಾರಕವೂ ಕೈಕೆಲಸದಲ್ಲಿ ಮೂರ್ತಿಯೂ ಆದ ಈ ಕಲ್ಲು 1990ರ ಮಾರ್ಚಿನಲ್ಲಿ, ಸಾಗಿಸುತ್ತಿದ್ದ ನಾವೆಯಿಂದ ಜಾರಿ ಕೆರೆಯ ತಳ ಸೇರಿತು. ಆ ಅವಘಡದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಎರಡು ವರ್ಷಕ್ಕೂ ಮಿಕ್ಕಿದ ಜಲವಾಸದ ನಂತರ ಅದನ್ನು ಮೇಲೆತ್ತಿ ನಿಲ್ಲಿಸಲಾಯಿತು.

ಆಗಮಗಳು, ಅಂದರೆ ದೇವಾಲಯ ನಿರ್ಮಾಣ ಮತ್ತು ಪೂಜೆಯ ಕ್ರಮವನ್ನು ವಿಧಿಸುವ ಗ್ರಂಥಗಳು, ಮೇಲಿನ ಪ್ರಶ್ನೆಗೆ ನೇರವಾದ ಉತ್ತರವನ್ನೇ ಕೊಡುತ್ತವೆ: ನೇತ್ರೋನ್ಮೀಲನ, ಅಂದರೆ ಕಣ್ಣು ತೆರೆಸುವ ವಿಧಿ, ಮತ್ತು ಪ್ರಾಣಪ್ರತಿಷ್ಠೆ ಆಗುವವರೆಗೆ ಅದು ಕಲ್ಲೇ. ಬೌದ್ಧ ಲೋಕಕ್ಕೂ ಈ ಆಚರಣೆ ಹೊರತಲ್ಲ. ಜಪಾನಿನ ನಾರಾ ನಗರದ ತೋದಾಯ್‌ಜಿ ದೇಗುಲದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಅವನ ಕುಂಚಕ್ಕೆ ಕಟ್ಟಿದ್ದ ಉದ್ದನೆಯ ದಾರಗಳನ್ನು ನೆರೆದವರು ಹಿಡಿದುಕೊಂಡಿದ್ದರು. ಕಣ್ಣು ತೆರೆಸಿದ ಕೈ ಒಬ್ಬನದಾದರೂ ಅದರ ಪುಣ್ಯದಲ್ಲಿಯೂ ಹೊಣೆಯಲ್ಲಿಯೂ ದಾರ ಹಿಡಿದವರೆಲ್ಲರೂ ಪಾಲುದಾರರು ಎಂದು ಅದನ್ನು ಅರ್ಥೈಸಬಹುದು. ಇಂದು ನಾರಾಕ್ಕೆ ಬರುವವರಲ್ಲಿ ಬಹುಪಾಲು ಜನ ಜಿಂಕೆಗಳಿಗೆ ಬಿಸ್ಕತ್ತು ತಿನ್ನಿಸಿ, ಪ್ರವೇಶಶುಲ್ಕ ತೆತ್ತು ಒಳಹೋಗುವವರೇ; ಅವರ ಕೈಯಲ್ಲಿ ಅಂಥ ದಾರವಿಲ್ಲ.

ಆದರೆ ಬೌದ್ಧ ಪರಂಪರೆಯೊಳಗೇ ಇದಕ್ಕೆ ವಿರುದ್ಧವಾದ ಉತ್ತರವೂ ಉಂಟು. ತೆಲುಗು ನಾಡಿನದೇ ಆದ ಅಮರಾವತಿಯ ಹಳೆಯ ಶಿಲ್ಪಗಳಲ್ಲಿ ಬುದ್ಧನಿರಬೇಕಾದೆಡೆ ಬರಿದಾದ ಪೀಠವೋ ಪಾದಗಳ ಗುರುತೋ ಮಾತ್ರ ಕಾಣುತ್ತದೆ. ಪಾಲಿ ಭಾಷೆಯ ಕಾಲಿಂಗಬೋಧಿ ಜಾತಕವು ಪೂಜಾರ್ಹ ವಸ್ತುಗಳನ್ನು, ಅಂದರೆ ಚೈತ್ಯಗಳನ್ನು, ಮೂರು ಬಗೆಯಾಗಿ ವಿಂಗಡಿಸುತ್ತದೆ: ಶರೀರಧಾತುಗಳು, ಬುದ್ಧನು ಬಳಸಿದ ವಸ್ತುಗಳು, ಮತ್ತು ಅವನನ್ನು ನೆನಪಿಗೆ ತರಲೆಂದು ಮಾಡಿದವುಗಳು. ಮೂರನೆಯದಕ್ಕೆ ಸ್ವಂತ ನೆಲೆಯಿಲ್ಲ, ಅದು ಕೇವಲ ಮನಸ್ಸನ್ನು ಅವಲಂಬಿಸಿದ್ದು ಎಂಬುದು ಆ ಗ್ರಂಥದ ನಿಲುವು. ಈ ಮಾತನ್ನು ಒಪ್ಪಿದರೆ 1993ರಲ್ಲಿ ಕೈಮುಗಿದವನಿಗೆ ಬುದ್ಧನು ದೊರೆತನೆಂದೂ, 2007ರಲ್ಲಿ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಂಡವನಿಗೆ ದೊರೆಯಲಿಲ್ಲವೆಂದೂ ಹೇಳಬೇಕಾಗುತ್ತದೆ. ಹೈದರಾಬಾದಿನ ಊಟದ ಲೋಕವೂ ಈ ವಾದಕ್ಕೆ ಒದಗಿಬರುತ್ತದೆ. ಗೋಧಿ, ಮಾಂಸಗಳನ್ನು ಗಂಟೆಗಟ್ಟಲೆ ಬೇಯಿಸಿ ಅರೆದ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತ ಮೇಲಂತೂ ಅದು ಪ್ರವಾಸಿಗರು ಹುಡುಕಿಕೊಂಡು ಬರುವ ತಿನಿಸು. ಆದರೆ ರಂಜಾನಿನ ಸಂಜೆ ಒಂದೇ ಭಟ್ಟಿಯಿಂದ ಬಡಿಸಿಕೊಂಡ ಇಬ್ಬರಲ್ಲಿ ಒಬ್ಬನಿಗದು ಇಫ್ತಾರಿನ ಊಟ, ಇನ್ನೊಬ್ಬನಿಗೆ ರುಚಿಯಾದ ಊಟ. ವ್ಯತ್ಯಾಸ ಮಾಡುವುದು ನಿಯ್ಯತ್, ಅಂದರೆ ಉಪವಾಸ ಹಿಡಿಯುವವನು ಮೊದಲೇ ಮಾಡಿಕೊಳ್ಳುವ ಸಂಕಲ್ಪ.

ಹಾಗಾದರೂ ಎಲ್ಲವನ್ನೂ ಮನಸ್ಸಿಗೆ ಬಿಟ್ಟುಕೊಡುವ ಈ ವಾದ ಪೂರ್ತಿ ಸಮಾಧಾನ ಕೊಡುವುದಿಲ್ಲ. ನಿಯ್ಯತ್ತಿನ ಹಿಂದೆ ಹಗಲಿಡೀ ಸಹಿಸಿದ ಹಸಿವಿದೆ. ಅದು ಒಂದು ಗಳಿಗೆಯ ಭಾವವಲ್ಲ, ಕಟ್ಟುಪಾಡು. ಆಗಮಗಳೂ ಪ್ರತಿಷ್ಠೆಯನ್ನು ಒಮ್ಮೆ ತುಂಬಿಟ್ಟರೆ ಎಂದೆಂದಿಗೂ ಉಳಿಯುವ ಸಂಗತಿಯೆಂದು ತಿಳಿದಿಲ್ಲ: ಪೂಜೆ ಬಹುಕಾಲ ನಿಂತುಹೋದರೆ ಸಂಪ್ರೋಕ್ಷಣೆ, ಅಂದರೆ ಶುದ್ಧಿಯ ವಿಧಿ, ಮತ್ತೆ ಆಗಬೇಕು, ವಿಗ್ರಹ ಭಿನ್ನವಾದರೆ ಅದು ಪೂಜೆಗೆ ಸಲ್ಲದು. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನೈವೇದ್ಯವಿದೆ, ಸೋಮನಾಥಪುರದ ಕೇಶವಾಲಯದಲ್ಲಿ ಟಿಕೆಟ್ ಇದೆ. ಎರಡೂ ಹೊಯ್ಸಳರ ಕಾಲದ ಕೆಲಸವೇ, ಕುಸುರಿಯಲ್ಲಿ ಸೋಮನಾಥಪುರವೇನೂ ಕಡಿಮೆಯಲ್ಲ. ಇನ್ನು ಹುಸೇನ್ ಸಾಗರದ ನೀರಿಗೇ ಪ್ರತಿವರ್ಷ ಬಂದು ಸೇರುವ, 1954ರಲ್ಲಿ ಆರಂಭವಾದ ಖೈರತಾಬಾದಿನ ಗಣೇಶೋತ್ಸವದ ದೈತ್ಯಮೂರ್ತಿಯಂಥ ಗಣಪತಿಗಳು ಕೆಲವೇ ದಿನ ದೇವರಾಗಿರುತ್ತವೆ, ಆಮೇಲೆ ಉದ್ವಾಸನೆಗೊಂಡು ಕರಗುತ್ತವೆ. ಒಂದು ಮೂರ್ತಿ ದೈವತ್ವವನ್ನು ಕಳಚಿಟ್ಟು ಇಳಿಯುವ ನೀರಿನಿಂದಲೇ ಇನ್ನೊಂದು ಮೂರ್ತಿ, ದೈವತ್ವ ಪಡೆಯುವ ಮೊದಲೇ, ಎದ್ದು ಬಂದಿದೆ.

ಆದ್ದರಿಂದ ಪಾವಿತ್ರ್ಯವನ್ನು ಕಲ್ಲಿನಲ್ಲಾಗಲಿ ಕಣ್ಣಿನಲ್ಲಾಗಲಿ ಹುಡುಕುವುದಕ್ಕಿಂತ, ಇವೆರಡರ ನಡುವಣ ಋಣದಲ್ಲಿ ಹುಡುಕುವುದು ಹೆಚ್ಚು ಸರಿ ಎನಿಸುತ್ತದೆ. ಭಕ್ತನು ಕಂಡದ್ದಕ್ಕೆ ಏನನ್ನೋ ಸಲ್ಲಿಸಬೇಕು, ಮತ್ತೆ ಬರಬೇಕು, ನಾಳೆ ಬೆಳಿಗ್ಗೆ ದೀಪ ಹಚ್ಚುವವರು ಯಾರೆಂಬ ಚಿಂತೆ ಅವನದೂ ಹೌದು. ಪ್ರವಾಸಿಯ ಋಣ ಟಿಕೆಟಿನೊಂದಿಗೆ ತೀರುತ್ತದೆ. ಅದು ಅವನ ತಪ್ಪೆನ್ನಲಾಗದು. ಊರೂರು ತಿರುಗಿ ಎಲ್ಲವನ್ನೂ ನೋಡುವ ಅವನ ಸ್ವಾತಂತ್ರ್ಯ ಬಂದಿರುವುದೇ ಆ ಬಿಡುಗಡೆಯಿಂದ. ಆದರೆ ಕಲ್ಲನ್ನು ಸಾಗಿಸುವಾಗ ಮುಳುಗಿದವರ ನೆನಪೂ ಈ ಬಿಡುಗಡೆಯಲ್ಲಿ ಸುಲಭವಾಗಿ ಮರೆಯಾಗುತ್ತದೆ.

ನಗರದ ಹೊರವಲಯದ ಮುಚ್ಚಿಂತಲದಲ್ಲಿ ಈ ಇಕ್ಕಟ್ಟಿಗೆ ಬೇರೊಂದು ದಾರಿ ಹಿಡಿಯಲಾಗಿದೆ. 2022ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡ ರಾಮಾನುಜರ 216 ಅಡಿಯ ಪಂಚಲೋಹದ ಪ್ರತಿಮೆ ಹೊರಗೆ ನೋಟಕ್ಕಿದೆ. ಅವರ 120 ವರ್ಷಗಳ ಆಯುಸ್ಸನ್ನು ನೆನೆದು 120 ಕಿಲೊ ಚಿನ್ನದಲ್ಲಿ ಮಾಡಿದ ಚಿಕ್ಕ ಮೂರ್ತಿ ಒಳಗೆ ಪೂಜೆಗಿದೆ. ಬೃಹತ್ತಾದುದು ಸೇವೆಗೆ ಒದಗದು ಎಂಬುದನ್ನು ಈ ಏರ್ಪಾಡು ತಾನಾಗಿಯೇ ಒಪ್ಪಿಕೊಂಡಂತಿದೆ. ಶ್ರೀವೈಷ್ಣವರು ಅರ್ಚಾವತಾರವೆಂದು ಕರೆಯುವ, ಭಗವಂತನು ಪೂಜಾವಿಗ್ರಹವಾಗಿ ಇಳಿದುಬರುವ ತತ್ತ್ವದ ತಿರುಳು ಸೌಲಭ್ಯ, ಅಂದರೆ ಎಂಥವರ ಕೈಗೂ ನಿಲುಕುವ ಗುಣ. ರಾಮಾನುಜರು ನೆಲಸಿದ್ದ ಮೇಲುಕೋಟೆಯ ಉತ್ಸವಮೂರ್ತಿ ಚೆಲುವಪಿಳ್ಳೆ ಒಂದು ಕಾಲಕ್ಕೆ ದೆಹಲಿಯ ಸುಲ್ತಾನನ ಅರಮನೆ ಸೇರಿದ್ದಾಗ, ಅವನ ಮಗಳು ಅದನ್ನು ಗೊಂಬೆಯಾಗಿ ಆಡಿಸುತ್ತಿದ್ದಳೆಂದೂ, ರಾಮಾನುಜರು ಅದನ್ನು ಕರೆತಂದಾಗ ಅಗಲಿರಲಾರದೆ ಹಿಂದೆಯೇ ಬಂದಳೆಂದೂ ಐತಿಹ್ಯವಿದೆ. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಅವಳಿಗೆ ಅಲ್ಲಿ ದೇವರ ಪಾದದ ಬಳಿ ಸ್ಥಾನ ದೊರೆತಿದೆ. ಅವಳಿಗೆ ಆಗಮ ತಿಳಿದಿರಲಿಲ್ಲ, ಸಂಪ್ರದಾಯದ ಸಂಕಲ್ಪವೂ ಇರಲಿಲ್ಲ; ನೋಡಿದ್ದನ್ನು ಬಿಟ್ಟು ಹೋಗಲಾರೆನೆಂಬುದಷ್ಟೇ ಇತ್ತು.