ಹನ್ನೆರಡು ಸ್ವರಗಳ ಸರದಿ

ಪಿಯಾನೋದ ಒಂದು ಸ್ಥಾಯಿಯಲ್ಲಿ ಕಪ್ಪು-ಬಿಳಿ ಸೇರಿ 12 ಸ್ವರಗಳು. ಅವುಗಳಲ್ಲಿ ಒಂದು ಯಜಮಾನ. ಉಳಿದವು ಎಲ್ಲೆಲ್ಲಿ ಅಲೆದರೂ ಕೊನೆಗೆ ಅದರ ಬಾಗಿಲಿಗೇ ಮರಳಬೇಕು. ಪಾಶ್ಚಾತ್ಯ ಸಂಗೀತ ಶತಮಾನಗಳ ಕಾಲ ಪಾಲಿಸಿದ ಕಟ್ಟಳೆ ಇದು. ವಿಯೆನ್ನಾದ ಅರ್ನಾಲ್ಡ್ ಶೋನ್‌ಬರ್ಗ್ 1920ರ ದಶಕದ ಆರಂಭದಲ್ಲಿ ಈ ಯಜಮಾನಿಕೆಯನ್ನೇ ಕಿತ್ತುಹಾಕಿದ. ಹನ್ನೆರಡಕ್ಕೂ ಒಂದು ಸರದಿ; ಉಳಿದವುಗಳ ಪಾಳಿ ಮುಗಿಯದೆ ಯಾವುದೂ ಮತ್ತೆ ನುಗ್ಗುವಂತಿಲ್ಲ. ಸಾಲನ್ನು ಹಿಂದುಮುಂದಾಗಿಸಿ, ತಲೆಕೆಳಗಾಗಿಸಿ, ಬೇರೆ ಸ್ವರದಿಂದ ಶುರುಮಾಡಿ: ಒಟ್ಟು 48 ರೂಪಗಳು.

ಎಷ್ಟು ನ್ಯಾಯವಾಗಿದೆ! ಆದರೆ ನ್ಯಾಯ ಸರದಿಯಲ್ಲೇ ಮುಗಿಯುತ್ತದೆಯೇ?

1921-23ರ ತನ್ನ ಪಿಯಾನೋ ಸೂಟ್‌ನಲ್ಲಿ ಶೋನ್‌ಬರ್ಗ್ ಆ 48ರಲ್ಲಿ ಬಳಸಿದ್ದು ಎಂಟೇ ಎಂಟು. ಭಾಗಗಳ ಹೆಸರು ನೋಡಿ: ಗವೋತ್, ಮಿನುಯೆಟ್, ಜೀಗ್. ಎಲ್ಲವೂ ಬಾಖ್ ಕಾಲದ ಕುಣಿತಗಳು. ಕಾನೂನು ಹೊಸದು, ಹೆಜ್ಜೆ ಹಳೆಯದು. 1951ರಲ್ಲಿ ಅವನು ತೀರಿಕೊಂಡ. ಮರುವರ್ಷವೇ ಪಿಯರ್ ಬುಲೆಜ್ ಎಂಬ ಫ್ರೆಂಚ್ ತರುಣ 'ಶೋನ್‌ಬರ್ಗ್ ಸತ್ತ' ಎಂದೇ ತಲೆಬರಹ ಕೊಟ್ಟು, ಈ ಅರೆಮನಸ್ಸನ್ನು ತಪ್ಪೆಂದು ಬರೆದ. (ಹಾಗೆ ಬರೆಯಲು ಇಪ್ಪತ್ತರ ಹರೆಯವೇ ಬೇಕೇನೋ.)

ಬುಲೆಜ್ ಅರೆಮನಸ್ಸಿನವನಲ್ಲ. ಗುರು ಮೆಸ್ಸಿಯಾನರ 1949ರ ಪಿಯಾನೋ ಕೃತಿಯೊಂದರಿಂದ 12 ಸ್ವರಗಳ ಸಾಲು ಪಡೆದು, ಎರಡು ಪಿಯಾನೋಗಳ 'ಸ್ಟ್ರಕ್ಚರ್ಸ್' ಕೃತಿಯ ಮೊದಲ ಭಾಗ ಬರೆದ. ಸ್ವರವಷ್ಟೇ ಅಲ್ಲ, ಅದು ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಜೋರಿರಬೇಕು, ಬೆರಳು ಹೇಗೆ ಬೀಳಬೇಕು ಎಂಬುದನ್ನೂ ಅಂಕಿಗಳ ಕೋಷ್ಟಕಕ್ಕೆ ಒಪ್ಪಿಸಿದ. 1952ರಲ್ಲಿ ಪ್ಯಾರಿಸ್‌ನಲ್ಲಿ ಗುರುಶಿಷ್ಯರೇ ಕೂತು ನುಡಿಸಿದರು. ಹಾಳೆಯ ಮೇಲೆ ಅಷ್ಟು ಕಟ್ಟುನಿಟ್ಟು. ನನ್ನ ಕಿವಿಗೆ ಮಾತ್ರ ತಗಡಿನ ಮೇಲೆ ಚೆಲ್ಲಿದ ಕಾಳಿನಂತೆ ಕೇಳಿಸಿತು.

ಉರ್ದು ಓದಿದವನಾದ ನನಗೆ ಗಜಲಿನ ರದೀಫ್, ಕಾಫಿಯಾಗಳ ಸಂಕೋಲೆ ಗೊತ್ತು. ಆದರೆ ಕಾಫಿಯಾ ಎಂದೂ ಶೇರ್ ಬರೆದುಕೊಡುವುದಿಲ್ಲ. ಕವಿಯನ್ನು ಮೂಲೆಗೆ ತಳ್ಳಿ, 'ಈಗ ನಿನ್ನ ಮಾತು ಹೇಳು' ಎನ್ನುತ್ತದೆ. ಕೋಷ್ಟಕವೋ, 'ನೀನು ಹೇಳಬೇಕಾದ್ದಿಲ್ಲ' ಎನ್ನುತ್ತದೆ. ನಿಯಮ ಪಾಲಿಸಿದೆ, ಮುಂದಿನದಕ್ಕೆ ನಾನು ಹೊಣೆಯಲ್ಲ ಎನ್ನುವ ಅನುಕೂಲ ಅದರಲ್ಲಿದೆ. ಯಹೂದಿಯಾದ ಶೋನ್‌ಬರ್ಗ್ 1933ರಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಯಿತು. ಅಂಥ ಯೂರೋಪಿನ ತರುಣರು ಹಳೆಯ ಅಭಿರುಚಿಯನ್ನು ನಂಬದಿದ್ದುದು ನನಗೆ ಅರ್ಥವಾಗುತ್ತದೆ. ಆದರೆ 'ಆಜ್ಞೆ ಪಾಲಿಸಿದೆ ಅಷ್ಟೇ' ಎಂಬ ಉತ್ತರವನ್ನು ನ್ಯಾಯಾಲಯಗಳಲ್ಲಿ ಕೇಳಿದ್ದೂ ಅದೇ ಯೂರೋಪು ತಾನೇ?

ಬುಲೆಜ್ ಕೂಡ ಅಲ್ಲೇ ನಿಲ್ಲಲಿಲ್ಲ. 1961ಕ್ಕೆ ಮುಗಿದ 'ಸ್ಟ್ರಕ್ಚರ್ಸ್' ಎರಡನೇ ಪುಸ್ತಕದಲ್ಲಿ ಕೆಲವು ಕಡೆ ಮುಂದೆ ಏನು ನುಡಿಸಬೇಕೆಂಬುದನ್ನು ಪಿಯಾನೋ ಮುಂದೆ ಕೂತವರೇ ಆರಿಸಿಕೊಳ್ಳಬೇಕು.