ವಂಶವೃಕ್ಷದಲ್ಲಿ ಅಕ್ಕನ ಹೆಸರಿದೆಯೇ?



ಮನೆಯ ಹಿರಿಯರು ತೀರಿಕೊಂಡಾಗ ನಮ್ಮ ಕುಟುಂಬಗಳು ತೋರಿಸುವ ಒಗ್ಗಟ್ಟು ಮೆಚ್ಚತಕ್ಕದ್ದು. ದೂರದ ಊರಿನ ಮಗ ರಾತ್ರಿಯ ಬಸ್ಸು ಹಿಡಿದು ಬರುತ್ತಾನೆ, ಮದುವೆಯಾಗಿ ಹೋದ ಮಗಳು ತಾಯಿಯ ಪಕ್ಕ ಬಿಡದೆ ಕೂರುತ್ತಾಳೆ. ಆದರೆ ತಿಂಗಳ ಪೂಜೆ ಮುಗಿದು ವರ್ಷದ ಪೂಜೆ ಬರುವುದರೊಳಗೆ ಅದೇ ಮಕ್ಕಳು ದೇವಾಲಯದ ಎರಡು ಬದಿಗಳಲ್ಲಿ ಕುಳಿತಿರುತ್ತಾರೆ. ಒಬ್ಬರು ಪರಮಪ್ರಸಾದಕ್ಕೆ ಎದ್ದರೆ ಇನ್ನೊಬ್ಬರು ಏಳುವುದಿಲ್ಲ. ವಿಚಾರಿಸಿದರೆ ಬರುವ ಉತ್ತರ ಒಂದೇ: "ಕೇಸು ನಡೀತಾ ಇದೆ, ಫಾದರ್."

ಇಂಥ ಮನೆಗಳಲ್ಲಿ ಶುಭಸಂದೇಶವನ್ನೂ ಸಾಕ್ಷಿಗೆ ಎಳೆಯುವುದುಂಟು. ಸಂತ ಲೂಕರ 12ನೆಯ ಅಧ್ಯಾಯದಲ್ಲಿ ಜನಸಮೂಹದಿಂದ ಒಬ್ಬನು ಯೇಸುಸ್ವಾಮಿಯ ಬಳಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಕೇಳುತ್ತಾನೆ. ನ್ಯಾಯಾಧಿಪತಿಯಾಗಲು ಪ್ರಭು ಒಪ್ಪುವುದಿಲ್ಲ. "ನೋಡಿದೆಯಾ, ಸ್ವಾಮಿಯೇ ಆಸ್ತಿಯ ಮಾತು ಬೇಡ ಅಂದರು" ಎಂದು ತಂಗಿಯ ಬಾಯಿ ಮುಚ್ಚಿಸುವವರಿದ್ದಾರೆ. ನಿಧಾನವಾಗಿ ಓದಿ ನೋಡಿ. ಪಾಲು ಕೇಳುವುದೇ ಪಾಪವೆಂದು ಪ್ರಭು ಎಲ್ಲಿ ಹೇಳಿದ್ದಾರೆ? ಅವರು ಎಚ್ಚರಿಸಿದ್ದು ಲೋಭದ ವಿರುದ್ಧ, ಎಚ್ಚರಿಸಿದ್ದು ಅಲ್ಲಿದ್ದ ಎಲ್ಲರನ್ನೂ. ಆಸ್ತಿಯನ್ನು ಕೈಯಲ್ಲಿ ಹಿಡಿದು ಕುಳಿತ ಆ ಅಣ್ಣನೂ ಗುಂಪಿನಲ್ಲಿದ್ದರೆ ಆ ಮಾತು ಅವನಿಗೂ ತಾಕಿರಲೇಬೇಕು.

ಸಂತ ಪೌಲರ ಮಾತನ್ನೂ ಹೀಗೆಯೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿ, ವಿಶ್ವಾಸಿಗಳು ಪರಸ್ಪರ ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನು ಸಹಿಸಬಾರದೇಕೆ ಎಂದು ಅವರು ಕೇಳುವುದು ನಿಜ. ಮರುಕ್ಷಣವೇ ಅವರು ಅನ್ಯಾಯ ಮಾಡುವವರ ಕಡೆ ತಿರುಗಿ, ಸ್ವಂತ ಸಹೋದರರನ್ನೇ ವಂಚಿಸುತ್ತಿದ್ದೀರೆಂದು ಗದರಿಸುತ್ತಾರೆ. ಮೊದಲರ್ಧವನ್ನು ಪಾಲು ಕಳೆದುಕೊಂಡವಳಿಗೆ ಓದಿ ಹೇಳಿ, ಎರಡನೆಯ ಅರ್ಧವನ್ನು ಪಾಲು ನುಂಗಿದವನಿಗೆ ಓದದೆ ಬಿಟ್ಟರೆ ಅದು ಶ್ರೀಗ್ರಂಥದ ಪಾರಾಯಣವೇ? ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ, ಅಣ್ಣತಮ್ಮಂದಿರಿಲ್ಲದ ಐವರು ಹೆಣ್ಣುಮಕ್ಕಳು ತಂದೆಯ ಆಸ್ತಿಗಾಗಿ ಮೋಶೆಯ ಮುಂದೆ, ಸಮಸ್ತ ಸಭೆಯ ಮುಂದೆ ಬಂದು ನಿಲ್ಲುತ್ತಾರೆ. ಅವರ ಬೇಡಿಕೆ ನ್ಯಾಯವಾದದ್ದೆಂದು ಸರ್ವೇಶ್ವರನೇ ಹೇಳುತ್ತಾನೆ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಕರ್ನಾಟಕದ ಕ್ರೈಸ್ತರಲ್ಲಿ ಅನೇಕರು ಇಂದಿಗೂ "ಗಂಡುಮಕ್ಕಳಿಗೆ ಜಮೀನು, ಹೆಣ್ಣುಮಕ್ಕಳಿಗೆ ಮದುವೆಯ ಖರ್ಚು" ಎಂದೇ ನಂಬಿದ್ದಾರೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮೂರನೆಯ ಒಂದು ಭಾಗ ತಾಯಿಗೆ, ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು ಹೆಣ್ಣು ಎಂಬ ಭೇದವಿಲ್ಲ. 3 ಎಕರೆ ಜಮೀನು, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳಿದ್ದರೆ ತಾಯಿಗೆ 1 ಎಕರೆ, ಮಕ್ಕಳಿಗೆ ತಲಾ 20 ಗುಂಟೆ. ಇನ್ನು ಮದುವೆಗೆ ಹಾಕಿದ ಚಿನ್ನದ ಲೆಕ್ಕ? ತಂದೆ ಬದುಕಿದ್ದಾಗ ಮಗಳ ಅಥವಾ ಮಗನ ಏಳಿಗೆಗಾಗಿ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯತಕ್ಕದ್ದಲ್ಲವೆಂದು ಅದೇ ಕಾಯಿದೆಯ 49ನೆಯ ಪ್ರಕರಣ ಹೇಳುತ್ತದೆ. (ಅಣ್ಣನ ಓದಿಗೆ ಸುರಿದ ಹಣವನ್ನು ಯಾವ ಮನೆಯಲ್ಲಾದರೂ ಯಾರಾದರೂ ಲೆಕ್ಕ ಹಾಕಿದ್ದಾರೆಯೇ?)

ಮೋಸ ನಡೆಯುವುದು ಹೆಚ್ಚಾಗಿ ನ್ಯಾಯಾಲಯಕ್ಕಿಂತ ಮೊದಲೇ, ಕಾಗದದ ಹಂತದಲ್ಲಿ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷ ಕೊಡಬೇಕು. ಅದರಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಬರೆದು, ಸತ್ಯವೆಂದು ಪ್ರಮಾಣ ಮಾಡಿ, ಸಹಿ ಹಾಕುತ್ತಾರೆ. ಹತ್ತು ಕಟ್ಟಳೆಗಳಲ್ಲಿ ಏಳನೆಯದು, ಎಂಟನೆಯದು, ಹತ್ತನೆಯದು ಮೂರನ್ನೂ ಒಂದೇ ಹಾಳೆಯ ಮೇಲೆ ಮುರಿದಂತಾಯಿತು. ಜ್ಞಾನಸ್ನಾನದ ಪುಸ್ತಕದಲ್ಲಿ ಧರ್ಮಸಭೆ ಬರೆದಿಟ್ಟ ಹೆಸರನ್ನು ಕಂದಾಯದ ಕಾಗದದಲ್ಲಿ ಬಿಟ್ಟರೆ ಆಕೆ ಆ ತಂದೆಯ ಮಗಳಲ್ಲದೆ ಹೋಗುತ್ತಾಳೆಯೇ? ಕಾನೂನಿನಲ್ಲಿಯೂ ಇಲ್ಲ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ವರ್ಷಗಳ ನಂತರ ಆ ಜಮೀನು ಮಾರಲು ಹೊರಟಾಗ ವ್ಯಾಜ್ಯ ಎದ್ದು ನಿಲ್ಲುತ್ತದೆ.

ಅಕ್ಕ ತಾನಾಗಿಯೇ ಪಾಲು ಬಿಟ್ಟುಕೊಟ್ಟರೆ? ಅದು ಆಕೆಯ ಔದಾರ್ಯ, ದೇವರು ಮೆಚ್ಚುವಂಥದು. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ, ಓದಿ ಹೇಳದ ಹಕ್ಕು ಬಿಡುಗಡೆ ಪತ್ರಕ್ಕೆ ಹಾಕಿದ ಸಹಿಯನ್ನು ಔದಾರ್ಯವೆಂದು ಕರೆಯಲಾಗದು. ಪ್ರತಿಯೊಬ್ಬನಿಗೂ ಸಲ್ಲಬೇಕಾದುದನ್ನು ಸಲ್ಲಿಸುವ ದೃಢ ಮನಸ್ಸೇ ನ್ಯಾಯವೆಂದು ಸಂತ ತೋಮಾಸ್ ಅಕ್ವಿನಾಸರು ಕಲಿಸುತ್ತಾರೆ. ಅನ್ಯಾಯವಾಗಿ ಇಟ್ಟುಕೊಂಡದ್ದನ್ನು ಹಿಂದಿರುಗಿಸಲೇಬೇಕೆಂದೂ ಹೇಳುತ್ತಾರೆ. ಪಾಪನಿವೇದನೆಯಲ್ಲಿ ಗುರುಗಳು ಪಾಪಕ್ಕೆ ಕ್ಷಮೆಯನ್ನು ಸಾರಬಹುದು, ಅಕ್ಕನ 20 ಗುಂಟೆಯನ್ನು ತಮ್ಮನ ಹೆಸರಿಗೆ ಬರೆದುಕೊಡಲಾರರು.

ಉಯಿಲು ಇರುವ ಮನೆಗಳಲ್ಲಿ ಜಗಳ ಬೇರೆ ಬಗೆಯದು. ಅದನ್ನು ಜಾರಿ ಮಾಡುವ ಹೊಣೆ ಹೊತ್ತವನು ಒಡೆಯನಲ್ಲ, ಮೇಸ್ತ್ರಿ. ಮೊದಲು ಶವಸಂಸ್ಕಾರದ ಹಾಗೂ ಕೊನೆಯ ಕಾಯಿಲೆಯ ಖರ್ಚು, ಆಮೇಲೆ ನ್ಯಾಯಾಲಯದ ಖರ್ಚು, ಆಮೇಲೆ ಮೃತರ ಸೇವೆ ಮಾಡಿದ ಕೆಲಸದವರ ಕೊನೆಯ 3 ತಿಂಗಳ ಬಾಕಿ ಸಂಬಳ, ಉಳಿದ ಸಾಲಗಳು. ಮಕ್ಕಳ ಪಾಲು ಇದೆಲ್ಲದರ ನಂತರ. ಮನೆಗೆಲಸದವಳ ಸಂಬಳ ಮಗನ ಪಾಲಿಗಿಂತ ಮುಂದೆ ನಿಂತಿದೆ, ಗಮನಿಸಿ. 2002ರ ತಿದ್ದುಪಡಿಯ ನಂತರ ಕ್ರೈಸ್ತರಿಗೆ ಪ್ರೊಬೇಟ್ ಕಡ್ಡಾಯವಲ್ಲ. ಪ್ರೊಬೇಟ್ ಪಡೆದವರಾದರೋ 6 ತಿಂಗಳೊಳಗೆ ಆಸ್ತಿಯ ಪಟ್ಟಿ, 1 ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಪ್ರೊಬೇಟ್ ಪಡೆಯದವರು ಆ ಪಟ್ಟಿಯನ್ನೂ ಲೆಕ್ಕವನ್ನೂ ತಮ್ಮಷ್ಟಕ್ಕೆ ಬರೆದು ಒಡಹುಟ್ಟಿದವರ ಮುಂದಿಟ್ಟರೆ ಅರ್ಧ ಅನುಮಾನ ಅಲ್ಲಿಗೇ ಸಾಯುತ್ತದೆ. ಹಾಗೆಯೇ ಉಳಿದವರೂ ತಾಳ್ಮೆ ಕಲಿಯಬೇಕು. ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಪಾಲು ಕೊಟ್ಟೇ ತೀರಬೇಕೆಂದು ಕಾಯಿದೆ ಅವನನ್ನು ಬಲವಂತ ಮಾಡುವುದಿಲ್ಲ. ಮೂರೇ ತಿಂಗಳಿಗೆ ಅಣ್ಣನನ್ನು ಕಳ್ಳನೆಂದು ಬೀದಿಯಲ್ಲಿ ಕೂಗುವುದೂ ಎಂಟನೆಯ ಕಟ್ಟಳೆಗೆ ಸೇರಿದ್ದೇ.

ಉಯಿಲು ಬರೆಯುವ ಹಿರಿಯರಿಗೆ ಎರಡು ಮಾತು. ಸಾಕ್ಷಿಗಳು ಇಬ್ಬರಿರಲಿ, ಆಸ್ತಿ ಪಡೆಯುವ ಮಗನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿ ಹಾಕಬಾರದು, ಹಾಕಿದರೆ ಉಯಿಲು ಉಳಿದರೂ ಅವನಿಗೆ ಬರೆದದ್ದು ಬಿದ್ದುಹೋಗುತ್ತದೆ. ದೇವಾಲಯಕ್ಕೋ ಅನಾಥಾಲಯಕ್ಕೋ ಏನನ್ನಾದರೂ ಬರೆಯುವ ಮನಸ್ಸಿದ್ದರೆ ಆರೋಗ್ಯವಾಗಿರುವಾಗ, ಮಕ್ಕಳಿಗೆ ತಿಳಿಸಿ ಬರೆಯಿರಿ. ಹೀಗೆ ಬರೆಯುವುದಕ್ಕೆ ಕ್ರೈಸ್ತರಿಗೆ ಅಡ್ಡಿಯಾಗಿದ್ದ 118ನೆಯ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ರದ್ದುಗೊಳಿಸಿದೆ. ಆದರೂ ಕೊನೆಯುಸಿರಿನ ಹೊತ್ತಿನಲ್ಲಿ ಅಭ್ಯಂಗಕ್ಕೆ ಬಂದ ಗುರುಗಳ ಕೈಗೆ ಕಾಗದ ಕೊಡುವುದು ಯಾರಿಗೂ ಒಳ್ಳೆಯದಲ್ಲ, ಗುರುಗಳಿಗಂತೂ ಅಲ್ಲವೇ ಅಲ್ಲ.

ವ್ಯಾಜ್ಯ ಆಗಲೇ ಹುಟ್ಟಿಬಿಟ್ಟಿದ್ದರೆ? ಎದುರಾಳಿಯೊಡನೆ ದಾರಿಯಲ್ಲಿರುವಾಗಲೇ ರಾಜಿಯಾಗುವಂತೆ ಪ್ರಭು ಮತ್ತಾಯರ 5ನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಆ ದಾರಿ ಇಂದೂ ಇದೆ. ಮೊದಲು ಇಬ್ಬರೂ ನಂಬುವ ಹಿರಿಯರ ಮುಂದೆ ಕುಳಿತುಕೊಳ್ಳಿ. ಆಗದಿದ್ದರೆ ಲೋಕ ಅದಾಲತ್ ಇದೆ. ಅಲ್ಲಿ ಒಪ್ಪಿ ಆದ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ, ಬಾಕಿ ಇದ್ದ ಕೇಸಿಗೆ ಕಟ್ಟಿದ ಶುಲ್ಕವೂ ಹಿಂದಿರುಗುತ್ತದೆ. ಅದೂ ಆಗದೆ ದಾವೆಯೇ ಗತಿಯಾದರೆ, ಹೂಡಿದವಳನ್ನು ದೇವರು ಕೈಬಿಟ್ಟವಳಂತೆ ನೋಡಬೇಡಿ. 1303ರಲ್ಲಿ ತೀರಿಕೊಂಡ, ಬ್ರಿಟನಿಯ ಗುರುವೂ ವಕೀಲರೂ ಆಗಿದ್ದ ಸಂತ ಈವೋ ವಿಧವೆಯರ, ಬಡವರ ಪರ ನ್ಯಾಯಾಲಯದಲ್ಲಿ ನಿಂತೇ ಸಂತರಾದರು.

ಪಾಲು ಕಳೆದುಕೊಂಡ ಸಹೋದರಿಯರೇ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಹೋಗುವಾಗ ತಂದೆಯ ಮರಣ ಪ್ರಮಾಣಪತ್ರ, ಪಹಣಿ ಅಥವಾ ಖಾತೆಯ ನಕಲು ಒಯ್ಯಿರಿ. ತಂದೆತಾಯಿಯ ಹೆಸರಿರುವ ನಿಮ್ಮ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಹುಟ್ಟಿದೂರಿನ ಧರ್ಮಕೇಂದ್ರದಲ್ಲಿ ಕೇಳಿ ಪಡೆಯಿರಿ.