ಪರಸ್ಥಳದ ಹಾಸಿಗೆ

ಫ್ರಾನ್ಸಿನ ಪಿರಾರ್ ಎಂಬ ಯಾತ್ರಿಕನು 1608ರಲ್ಲಿ ಗೋವೆಗೆ ಬಂದಿಳಿದದ್ದು ರೋಗಿಯಾಗಿ, ಸೆರೆಯಾಳಾಗಿ. ಪೋರ್ಚುಗೀಸರ ರಾಜ ಆಸ್ಪತ್ರೆ ಅವನನ್ನು ಉಪಚರಿಸಿತು. ಅದರ ಅಚ್ಚುಕಟ್ಟನ್ನು ಅವನು ತನ್ನ ಪ್ರವಾಸಕಥನದಲ್ಲಿ ಮನಸಾರೆ ಹೊಗಳಿದ್ದಾನೆ. ಗುಣಮುಖನಾದ ಮೇಲೆ ದೊರೆತದ್ದು ಮತ್ತೆ ಸೆರೆಮನೆ! ಆ ಹಾಸಿಗೆ ಊರವರಿಗಿರಲಿಲ್ಲ, ಅದು ಬೇರೆ ಮಾತು. ಆದರೆ ಮಲಗಿದವನ ಅಪರಾಧವನ್ನು ಅದು ವಿಚಾರಿಸಲಿಲ್ಲ.

ನಾವು ವಿಚಾರಿಸುತ್ತೇವೆ. ಮಳೆಗಾಲದ ಕಡಲತೀರದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೂ ನಮ್ಮ ಕಡೆಯ ತರುಣರು ನೀರಿಗಿಳಿಯುತ್ತಾರೆ. ಒಳಕ್ಕೆಳೆಯುವ ಸೆಳವು ಈಜು ಬಲ್ಲವನನ್ನೂ ಬಿಡದು. ಸುದ್ದಿ ಕೇಳಿದೊಡನೆ ‘ಹೇಳಿದ್ದನ್ನು ಕೇಳಲಿಲ್ಲ, ಅನುಭವಿಸಲಿ’ ಎಂಬ ಮಾತು ನಮ್ಮ ಬಾಯಲ್ಲೇ ಬಂದದ್ದುಂಟು.

ಒಮ್ಮೆ ಅಪರಾತ್ರಿ ಆಸ್ಪತ್ರೆಯೊಂದರಲ್ಲಿ ಅಂಥವನೊಬ್ಬನ ತಂದೆ, ಗದಗದ ಕಡೆಯ ರೈತರು, ಕೊಂಕಣಿ, ಇಂಗ್ಲಿಷುಗಳೆರಡನ್ನೂ ಅರಿಯದೆ ನಿಂತಿದ್ದರು. ಅವರ ಮಾತನ್ನು ವೈದ್ಯರಿಗೆ ಮುಟ್ಟಿಸಲು ನಮ್ಮನ್ನು ಕರೆಸಿದ್ದರು. ‘ತಪ್ಪ ನಮ್ಮ ಹುಡುಗಂದ ಐತ್ರಿ ಸರ’ ಎಂದು ಅವರೇ ಮೊದಲು ಹೇಳಿದರು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ತಪ್ಪುಗಳನ್ನೇ ಎಣಿಸಿದ ನಮಗೆ ಆ ಒಂದು ವಾಕ್ಯವನ್ನು ಅನುವಾದಿಸಲು ಮನಸ್ಸಾಗಲಿಲ್ಲ. ವೈದ್ಯರು ಅದನ್ನು ಕೇಳಿಯೂ ಇರಲಿಲ್ಲ. ಹುಡುಗನಿಗೆ ಯಾವ ಔಷಧ ಒಗ್ಗುವುದಿಲ್ಲವೆಂದಷ್ಟೇ ಅವರು ಕೇಳಿದ್ದು.